ಸೋತ ದಿನ ಬರುವವರನ್ನು ಎಣಿಸಿದೆ

ಯಾವ ಕ್ಲಬ್‌ಗೆ ನಿಜವಾದ ಅಭಿಮಾನಿಗಳು ಜಾಸ್ತಿ? ಗೆಳೆಯರ ಜೊತೆ ಈ ವಾದ ಮುಗಿಯದೇ ಹೋದಾಗ ನಾನೇ ಎಣಿಸಲು ಹೊರಟೆ. ಮೊದಲು ಇನ್‌ಸ್ಟಾಗ್ರಾಂ ಫಾಲೋವರ್ಸ್ ನೋಡಿದೆ. ಅಲ್ಲಿ ಆರ್‌ಸಿಬಿ ಅಭಿಮಾನಿ ಯಾರು, ಬರೀ ಕೊಹ್ಲಿ ಅಭಿಮಾನಿ ಯಾರು ಅಂತ ಬಿಡಿಸೋಕೆ ಆಗಲಿಲ್ಲ. ಬಿಟ್ಟೆ.

ಆಮೇಲೆ ಸ್ಟೇಡಿಯಂ. ಆರ್‌ಸಿಬಿ ಆಡುವಾಗ ಚಿನ್ನಸ್ವಾಮಿಯಲ್ಲಿ ಸೀಟು ಖಾಲಿ ಇರುವುದೇ ಅಪರೂಪ. ತುಂಬಿದ ಕೊಡ ನೋಡಿ ಎಷ್ಟು ನೀರು ಚೆಲ್ಲಿತು ಅಂತ ಹೇಳೋಕಾಗಲ್ಲ, ಅಲ್ವಾ? ಟಿಕೆಟ್ ಸಿಗದವರು ಲೆಕ್ಕಕ್ಕೇ ಬರುವುದಿಲ್ಲ. ನಮ್ಮೂರಿನ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಆಡುವ ಕಂಠೀರವ ಹಾಗಲ್ಲ. ಅಲ್ಲಿ ಜನ ಹೆಚ್ಚುತ್ತಾರೆ, ಕಮ್ಮಿಯಾಗುತ್ತಾರೆ. ಅಳೆಯೋಕೆ ಅಂಥ ಜಾಗವೇ ಬೇಕು.

2023-24ರ ಐಎಸ್‌ಎಲ್ ಫುಟ್‌ಬಾಲ್ ಲೀಗ್‌ನಲ್ಲಿ ಶುರು ಮಾಡಿದೆ. 2018-19ರಲ್ಲಿ ಕಪ್ ಗೆದ್ದಿದ್ದ ಬಿಎಫ್‌ಸಿ ಆ ಸಲ 12 ತಂಡಗಳಲ್ಲಿ 10ನೆಯದಾಯಿತು. ಪ್ರತಿ ಸಲ ಒಂದೇ ಕಡೆ ಕೂತು, ಎದುರಿನ ಸ್ಟ್ಯಾಂಡಿನ ಅದೇ ನಾಲ್ಕು ಸಾಲು ನೋಡುತ್ತಿದ್ದೆ. ಆಟ ಶುರುವಾದಾಗ, ಹಾಫ್‌ಟೈಮ್ ಆದ ಮೇಲೆ, 85ನೇ ನಿಮಿಷಕ್ಕೆ ಎಣಿಸಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ಶನಿವಾರವನ್ನು ಶನಿವಾರದ ಜೊತೆಗೇ ಹೋಲಿಸಬೇಕು, ಬುಧವಾರದ ಜೊತೆ ಅಲ್ಲ. ಕೇರಳ ಬ್ಲಾಸ್ಟರ್ಸ್ ಬಂದ ದಿನವನ್ನು ಪೂರ್ತಿ ತೆಗೆದುಬಿಟ್ಟೆ. ಆ ದಿನ ಹಳದಿ ಜರ್ಸಿಗಳೂ ದಂಡಿಯಾಗಿ ಬರುತ್ತವೆ.

ತಂಡ ಹಿಂದೆ ಬಿದ್ದ ದಿನ ಮೂರನೇ ಎಣಿಕೆಯ ಗೀಟು ಕಮ್ಮಿ ಇರುತ್ತಿತ್ತು. ಆದರೆ ಬಿಎಫ್‌ಸಿ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್ ನಿಲ್ಲುವ ಕಡೆಯಿಂದ ಹಾಡು ಕೇಳುತ್ತಲೇ ಇರುತ್ತಿತ್ತು. ಆ ಗೀಟುಗಳ ಮೇಲೆ ನನಗೆ ಗೌರವ ಹುಟ್ಟಿತು.

ಎಣಿಕೆಯಲ್ಲಿ ಸಿಗದ್ದು ಒಂದು ಪ್ರಶ್ನೆಯಲ್ಲಿ ಸಿಕ್ಕಿತು. "ನಿಮ್ಮ ಟೀಂ ಯಾವುದು?" ಅಂತ ಕೇಳುವುದು ಬಿಟ್ಟು, "ತುಂಬಾ ನೋವಾದ ಸೋಲು ಯಾವುದು?" ಅಂತ ಕೇಳಿದೆ. ಸುಮ್ನೆ ಬಂದವರು ಯೋಚಿಸುತ್ತಾರೆ. ಅಭಿಮಾನಿ ತಕ್ಷಣ ಹೇಳುತ್ತಾರೆ. ಎರಡೂ ಕ್ಲಬ್ಬಿನವರಿಂದ ನಾನು ಹೆಚ್ಚಾಗಿ ಕೇಳಿದ ವರ್ಷ ಒಂದೇ, 2016. ಮೇ ತಿಂಗಳಲ್ಲಿ ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ಹೈದರಾಬಾದ್‌ಗೆ 8 ರನ್‌ಗಳಿಂದ ಐಪಿಎಲ್ ಫೈನಲ್ ಸೋತಿತು. ನವೆಂಬರ್‌ನಲ್ಲಿ ದೋಹಾದಲ್ಲಿ ಬಿಎಫ್‌ಸಿ ಇರಾಕಿನ ಏರ್ ಫೋರ್ಸ್ ಕ್ಲಬ್‌ಗೆ 1-0ಯಿಂದ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಸೋತಿತು.

ಜರ್ಸಿ ಓದುವುದನ್ನೂ ಕಲಿತೆ. 2024ರಲ್ಲಿ ಆರ್‌ಸಿಬಿಯ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಆಯಿತು, ಕಪ್ಪು ಹೋಗಿ ನೀಲಿ ಬಂತು. 2025ರ ಜೂನ್ 3ಕ್ಕೆ ಮೊದಲ ಐಪಿಎಲ್ ಕಪ್ ಬಂದ ಮೇಲೆ ಎಲ್ಲಿ ನೋಡಿದರೂ ಹೊಸ ಜರ್ಸಿ. ಹಾಗಾಗಿ ನನ್ನ ಕಣ್ಣು ಕಪ್ಪು-ಕೆಂಪನ್ನೇ ಹುಡುಕುತ್ತಿತ್ತು.

ಒಂದು ಸಂಜೆ ಮೆಜೆಸ್ಟಿಕ್ ಮೆಟ್ರೊದಲ್ಲಿ ಅಂಥದ್ದೊಂದು ಕಂಡಿತು. ಬೆನ್ನ ಮೇಲೆ ಎಬಿ ಡಿವಿಲಿಯರ್ಸ್‌ನ 17, ಏಳರ ಅರ್ಧ ಕಿತ್ತುಹೋಗಿತ್ತು. ಕಾಲರಿಗೆ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ. ಹತ್ತಿರ ಹೋಗಿ ನನ್ನ ಪ್ರಶ್ನೆ ಕೇಳಿದೆ.

"2016ರ ಫೈನಲ್, ವಾಟ್ಸನ್ ಕೊನೇ ಓವರ್, ಸರ್. 24 ರನ್. ಅವತ್ತು ರಾಜಾಜಿನಗರದವರೆಗೂ ನಡೆದೇ ಹೋದೆ."

"ಮರುವರ್ಷ ಮ್ಯಾಚಿಗೆ ಹೋದ್ರಾ?"

"ಹೋಗದೆ ಇರ್ತೀವಾ? ಒಂದೂ ಬಿಡಲಿಲ್ಲ."

2017ರಲ್ಲಿ ಆರ್‌ಸಿಬಿ ಎಂಟು ತಂಡಗಳಲ್ಲಿ ಕಟ್ಟಕಡೆಯದಾಗಿತ್ತು. ನೋಟ್‌ಬುಕ್ ತೆಗೆದು ಅವರ ಹೆಸರಲ್ಲೊಂದು ಗೀಟು ಹಾಕಿದೆ.