ಜೀನ್ಸ್ ಘಟಕದಲ್ಲಿ ಕೂಲಿ ತಾರತಮ್ಯ ಪತ್ತೆ ಹಚ್ಚುವ ಬಗೆ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ತಾರತಮ್ಯ ಹುಡುಕಲು ದರಪಟ್ಟಿ ನೋಡಿದರೆ ಸಾಲದು, ಅದು ಕೆಲಸದ ಹೆಸರಿನಲ್ಲೇ ಅಡಗಿರಬಹುದು. ಗಂಡಸು ‘ಟೇಲರ್’; ಅಂಥದೇ ಮಷಿನ್ ಮೇಲೆ ಅದೇ ಜೇಬು ಹೊಲಿಯುವ ಹೆಣ್ಣುಮಗಳು ‘ಹೆಲ್ಪರ್’.

ಹಿಂದಿನ ಮೂರು ತಿಂಗಳ ಹಾಜರಿ ಪುಸ್ತಕ, ಕೂಲಿ ಪುಸ್ತಕ ತೆಗೆಯಿರಿ. ಹೆಸರಿನ ಸಾಲು ಮುಚ್ಚಿ, ಮಾಡಿದ ಕೆಲಸ, ಗಂಟೆ, ಪೀಸು ಇಷ್ಟನ್ನೇ ಹೊಸ ಹಾಳೆಗೆ ಇಳಿಸಿ. ಅದನ್ನು ನೋಡಿ ದರ ಬರೆಯಿರಿ. ಆಮೇಲೆ ಹೆಸರು ತೆರೆದು, ಕೊಟ್ಟ ಹಣದ ಜೊತೆ ಹೋಲಿಸಿ. ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ತಿಳಿಯದವರಂತೆ ನಿಯಮ ರೂಪಿಸಬೇಕು ಎಂದು ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ವಾದಿಸಿದ್ದರು. ಆ ವಿಚಾರವನ್ನು ಹೊಲಿಗೆ ಕೋಣೆಗೆ ಇಳಿಸುವ ಸರಳ ದಾರಿ ಇದು.

‘ಒಂದೇ ಕೆಲಸ’ ಯಾವುದು ಎಂದು ಅಳೆಯಲು 1976ರ ಸಮಾನ ವೇತನ ಕಾಯ್ದೆ ಹೇಳಿದ ಕೌಶಲ, ಶ್ರಮ, ಹೊಣೆ, ಕೆಲಸದ ಪರಿಸ್ಥಿತಿ ಇಂದಿಗೂ ಒಳ್ಳೆಯ ಮಾನದಂಡ. ದಾರ ಕತ್ತರಿಸುವುದನ್ನು ‘ಹಗುರ’ ಎಂದು ಬರೆಯುವ ಮೊದಲು ಒಂದು ಗಂಟೆ ಪಕ್ಕದಲ್ಲಿ ಕೂತು ನೋಡಿ: ಬಾಗಿದ ಬೆನ್ನು, ಹೊಲಿಗೆಗೆ ನೆಟ್ಟ ಕಣ್ಣು, ಕತ್ತರಿ ತುಸು ಜಾರಿದರೆ ಪ್ಯಾಂಟು ತೂತು.

ಸಮ ಮಾಡಲು ಹೋಗಿ ಹೆಚ್ಚು ಪಡೆಯುವವರ ದರ ಇಳಿಸಬೇಡಿ. ಅದನ್ನು ಆ ಕಾಯ್ದೆಯೇ ತಡೆದಿತ್ತು. ದರ ಸಮವಾದರೂ ದೊಡ್ಡ ಲಾಟು (ಒಟ್ಟಿಗೆ ಹೊಲಿಯಲು ಕೊಡುವ ಪೀಸುಗಳ ಕಟ್ಟು), ಹೊಸ ಮಷಿನ್ ಸದಾ ಗಂಡಸರ ಪಾಲಾದರೆ ಬಟವಾಡೆಯ ದಿನ ಅಂತರ ಹಾಗೇ ಉಳಿಯುತ್ತದೆ. ಅದಕ್ಕೇ ಲಾಟು ಯಾರಿಗೆ, ಎಷ್ಟು ಪೀಸು ಹೋಯಿತು ಎಂಬುದನ್ನು ದಿನಾ ಬರೆದು ಗೋಡೆಗೆ ಅಂಟಿಸಿ. ಕರೆಂಟ್ ಹೋದ ಗಂಟೆಗಳಿಗೆ ಬೇರೆ ಸಾಲು ಇರಲಿ, ಇಲ್ಲದಿದ್ದರೆ ನಿಂತ ಮಷಿನ್‌ನ ನಷ್ಟ ‘ನಿಧಾನ ಕೆಲಸ’ ಎಂದು ದಾಖಲಾಗುತ್ತದೆ.