ಗಂಟೆಯ ಇತಿಹಾಸ ಗಂಟೆಯ ಮೈಮೇಲೇ ಇತ್ತು

ದಾವಣಗೆರೆಯಲ್ಲಿ ನನ್ನದು ಲೇತ್ ಮತ್ತು ವೆಲ್ಡಿಂಗ್ ಕೆಲಸ. ನಮ್ಮ ಚರ್ಚಿನ ಗಂಟೆಯ ನಾಲಿಗೆ ಸಡಿಲವಾಗಿದೆ, ಸ್ವಲ್ಪ ನೋಡಿ ಅಂತ ಫಾದರ್ ಹೇಳಿದ್ದಕ್ಕೆ ಗೋಪುರ ಹತ್ತಿದೆ. ರಿಪೇರಿ ಸಣ್ಣದು, ಹೊಸ ಬುಷ್ ಹಾಕಿದರೆ ಮುಗಿಯಿತು. ಆದರೆ ಈ ಗಂಟೆ ಯಾವಾಗ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. 'ಬ್ರಿಟಿಷರ ಕಾಲದ್ದು' ಅನ್ನೋದೊಂದೇ ಮಾತು. ಅದರ ಕಥೆ ಬರೆದಿಡುವ ಕೆಲಸವನ್ನು ನಾನೇ ಹಿಡಿದೆ.

ಇಂಥ ಕೆಲಸಕ್ಕೆ ಹೊರಟವರು ಮೊದಲು ಹಳೇ ಕಾಗದ ಹುಡುಕುತ್ತಾರೆ. ನಾನು ಮೊದಲು ಗಂಟೆಯನ್ನೇ ಓದಿದೆ. ಹಗಲಲ್ಲಿ ಅಕ್ಷರ ಕಾಣುತ್ತಿರಲಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಮೈಗೆ ತಾಗುವಷ್ಟು ಹತ್ತಿರ, ಅಡ್ಡಲಾಗಿ ಹಿಡಿದರೆ ಉಬ್ಬು ಅಕ್ಷರಗಳ ನೆರಳು ಎದ್ದು ಕಾಣುತ್ತದೆ. ಮೇಲೆ ತೆಳು ಕಾಗದ ಇಟ್ಟು ಮೇಣದ ಬಣ್ಣದ ಕಡ್ಡಿಯನ್ನು ಮಲಗಿಸಿ ಉಜ್ಜಿದೆ. ಒಂದು ಶಿಲುಬೆ, 'ಮರಿಯಾ' ಅನ್ನುವ ಹೆಸರು, ಕೆಳಗೆ ರೋಮನ್ ಅಂಕಿಯಲ್ಲಿ ಇಸವಿ ಮೂಡಿ ಬಂತು. ಎಂ, ಸಿ, ಎಂ ಸ್ಪಷ್ಟವಾಗಿದ್ದವು (ಎಂ ಅಂದರೆ ಸಾವಿರ, ಸಿ-ಎಂ ಸೇರಿದರೆ ಒಂಬೈನೂರು), ಮುಂದಿನದು ಸವೆದಿತ್ತು. ಅಂದರೆ 1900 ಅಥವಾ ಅದರ ಈಚೆಗೆ ಎರಕ ಹೊಯ್ದದ್ದು.

ಮರಿಯಾ ಅಂದರೆ ದಾನ ಕೊಟ್ಟ ಹೆಂಗಸು ಅಂತ ಕೆಲವರು ಹೇಳಿದರು. ನನಗೆ ಅದು ಗಂಟೆಯದೇ ಹೆಸರು ಅನಿಸುತ್ತದೆ. ಹಳೇ ಕಥೋಲಿಕ ಪದ್ಧತಿಯಲ್ಲಿ ಗಂಟೆಗೂ ನಾಮಕರಣ ಇತ್ತು. ಧರ್ಮಾಧ್ಯಕ್ಷರು (ಬಿಷಪ್) ಪವಿತ್ರ ಜಲದಲ್ಲಿ ಅದನ್ನು ತೊಳೆದು, ಹೊರಗೆ ಏಳು ಕಡೆ, ಒಳಗೆ ನಾಲ್ಕು ಕಡೆ ಪವಿತ್ರ ತೈಲದಿಂದ ಶಿಲುಬೆ ಗುರುತು ಹಾಕಿ, ಕೆಳಗೆ ಧೂಪ ಇಡುತ್ತಿದ್ದರು. ಮಗುವಿಗೆ ಮಾಡಿದ ಹಾಗೇ ಅಲ್ವಾ?

ಒಂದು ಎಚ್ಚರ ಬೇಕು. ಗಂಟೆಯ ಮೇಲಿರೋದು ಎರಕದ ಇಸವಿ, ನಮ್ಮ ಊರಿಗೆ ಬಂದ ಇಸವಿ ಅಲ್ಲ. ಗಂಟೆಗಳು ಬಹಳ ತಿರುಗುತ್ತವೆ. 1739ರಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಮುಂಬೈ ಹತ್ತಿರದ ವಸಾಯಿ ಕೋಟೆ ಗೆದ್ದಾಗ ಅಲ್ಲಿಯ ಚರ್ಚ್ ಗಂಟೆಗಳನ್ನು ಮರಾಠರು ತೆಗೆದುಕೊಂಡು ಹೋದರು. ನಾಸಿಕದ ನಾರೋಶಂಕರ ಗುಡಿಯಲ್ಲಿ, ಭೀಮಾಶಂಕರದಲ್ಲಿ ಅಂಥ ಗಂಟೆಗಳು ಇವತ್ತಿಗೂ ಇವೆ.

ತೂಕದ ಬಗ್ಗೆ ಊರಲ್ಲಿ ದೊಡ್ಡ ದೊಡ್ಡ ಮಾತು. ಅರ್ಧ ಟನ್ ಅನ್ನುತ್ತಿದ್ದರು. ಬಾಯಿಯ ಅಗಲ ಅಳೆದೆ, ಎರಡು ಅಡಿ. ಈ ಅಳತೆಯ ಕಂಚಿನ ಗಂಟೆ ಸುಮಾರು 130 ಕೆ.ಜಿ. ತೂಗುತ್ತದೆ. ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟು ಏರುತ್ತದೆ, ಕಣ್ಣಂದಾಜು ಅಲ್ಲೇ ತಪ್ಪುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಸವೆತದ ಗುರುತು. ನಾಲಿಗೆ ಬಡಿಯುವ ಜಾಗದಲ್ಲಿ, ಅಂಚಿನ ಒಳಭಾಗದಲ್ಲಿ, ಎದುರುಬದುರಾಗಿ ಎರಡು ಹೊಳೆಯುವ ತಗ್ಗು. ಬೆರಳು ಆಡಿಸುತ್ತಾ ಹೋದರೆ ಕಾಲು ಸುತ್ತು ಆಚೆ ಇನ್ನೂ ಎರಡು ತಗ್ಗು ಸಿಕ್ಕವು. ಅವು ಕಪ್ಪಾಗಿದ್ದವು, ಹೆಚ್ಚು ಆಳವಾಗಿದ್ದವು. ಅಂದರೆ ಯಾರೋ ಒಮ್ಮೆ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಕಟ್ಟಿದ್ದಾರೆ. ಒಂದೇ ಜಾಗಕ್ಕೆ ಪೆಟ್ಟು ಬಿದ್ದು ಕಂಚು ತೆಳುವಾದರೆ ಬಿರುಕು ಬಿಡುತ್ತದೆ. ಅದನ್ನು ತಪ್ಪಿಸಲು ಹೀಗೆ ತಿರುಗಿಸುತ್ತಾರೆ. ಕಸಬು ಗೊತ್ತಿದ್ದ ಕೈ ಅದು. ಕಂಚಿಗಿಂತ ಮೆತ್ತಗಿನ ಕಬ್ಬಿಣದ ನಾಲಿಗೆಯನ್ನೇ ಹಾಕಿದ್ದರು. ಅದನ್ನು ನಾನು ಬದಲಾಯಿಸಲಿಲ್ಲ.

ಈ ಗುರುತು ಹಿಡಿದುಕೊಂಡೇ ಹಿಂದೆ ಗಂಟೆ ಹೊಡೆಯುತ್ತಿದ್ದ ಅಜ್ಜನ ಹತ್ತಿರ ಹೋದೆ. ಸುಮ್ನೆ ಗಂಟೆ ಕಥೆ ಹೇಳಿ ಅಂದಿದ್ದರೆ ಅವರು ಹೇಳುತ್ತಿರಲಿಲ್ಲವೇನೋ. "ಅಜ್ಜಾ, ಗಂಟೆ ತಿರುಗಿಸಿದ್ದು ನೆನಪಿದೆಯಾ?" ಅಂದೆ. "ನಿನಗ್ಯಾರು ಹೇಳಿದರಪ್ಪಾ? ಮಿಲ್ಲಿನ ಫಿಟ್ಟರ್‌ಗಳು ಬಂದು ಚೈನ್ ಪುಲ್ಲಿ ಹಾಕಿ ಎತ್ತಿದ್ರು, ಹಗ್ಗ ಹಿಡಿದವನೇ ನಾನು" ಅಂದರು. ಅಲ್ಲಿಂದ ಮಾತು ನಿಲ್ಲಲಿಲ್ಲ. ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಸೈರನ್ನಿಗೂ ಗಂಟೆಗೂ ಜನ ಸಮಯ ಹೊಂದಿಸಿಕೊಳ್ಳುತ್ತಿದ್ದರಂತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಾಡುವ ತ್ರಿಕಾಲ ಪ್ರಾರ್ಥನೆಯ ಗಂಟೆಯನ್ನು ಮಂಚದ ಕಾಲಿಗೆ ಬೆರಳ ಗೆಣ್ಣಿನಿಂದ ಬಡಿದು ತೋರಿಸಿದರು. ಮೂರು, ಬಿಡುವು, ಮೂರು, ಬಿಡುವು, ಮೂರು, ಆಮೇಲೆ ಒಂಬತ್ತು. ಸಾವಿನ ಗಂಟೆಗೆ ಒಂದೊಂದೇ ಪೆಟ್ಟು, ಸದ್ದು ಪೂರ್ತಿ ಆರಿದ ಮೇಲೆ ಮುಂದಿನದು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಪೂಜೆಯಲ್ಲಿ ಮಹಿಮೆಯ ಗೀತೆ ಮುಗಿದ ಮೇಲೆ ಪಾಸ್ಖ ಜಾಗರಣೆಯ (ಈಸ್ಟರ್ ಹಿಂದಿನ ರಾತ್ರಿಯ ಪೂಜೆಯ) ತನಕ ಹಗ್ಗ ಮುಟ್ಟುವ ಹಾಗಿಲ್ಲ. ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಈಗ ಬಹಳ ಕಡೆ ಸ್ಪೀಕರಿನ ಗಂಟೆ ಬಂದಿದೆ. ಹೊಡೆಯುವ ಕ್ರಮ ಬರೆದಿಡದೆ ಹೋದರೆ ಗಂಟೆ ಉಳಿದೂ ಉಳಿದಂತಲ್ಲ.

ಕಾಗದದ ಕೆಲಸ ಕೊನೆಗೆ ಇಟ್ಟುಕೊಂಡೆ. ನಮ್ಮ ಚರ್ಚು ಸೇರಿರುವ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1988ರಲ್ಲಿ. ಅದಕ್ಕೂ ಮುಂಚೆ ನಾವು ಬೆಂಗಳೂರು ಧರ್ಮಕ್ಷೇತ್ರಕ್ಕೆ ಸೇರಿದ್ದೆವು. ಇನ್ನೂ ಹಿಂದೆ ಮೈಸೂರು ಸೀಮೆಯ ಚರ್ಚುಗಳನ್ನು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳು ನೋಡಿಕೊಳ್ಳುತ್ತಿದ್ದರು. ಹಾಗಾಗಿ ಹಳೇ ದಾಖಲೆ ಹುಡುಕಬೇಕಾದ ಜಾಗ ಮೂರು: ಶಿವಮೊಗ್ಗ, ಬೆಂಗಳೂರು, ಪ್ಯಾರಿಸ್. ಬೆಂಗಳೂರಿಗೂ ಪ್ಯಾರಿಸ್ಸಿಗೂ ಫಾದರ್ ಕೈಯಲ್ಲಿ ಪತ್ರ ಬರೆಸಿದ್ದೇನೆ, ಜೊತೆಗೆ ಅಕ್ಷರಗಳ ಉಜ್ಜು ಪ್ರತಿಯನ್ನೂ ಇಟ್ಟಿದ್ದೇನೆ.

ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಗಂಟೆ ತಿಕ್ಕಿ ಹೊಳೆಯಿಸೋಣ ಅಂತ ಯುವಕರು ಬಂದಿದ್ದರು. ಬೇಡ ಅಂದೆ. ಆ ಹಸಿರು ಪದರ ಕಂಚನ್ನು ಕಾಯುತ್ತದೆ. ತಿಕ್ಕಿದರೆ ಉಳಿದಿರುವ ಅಕ್ಷರವೂ ಸವೆಯುತ್ತದೆ. ಅದರ ಬದಲು ಪಾರಿವಾಳದ ಹಿಕ್ಕೆ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಕಿಟಕಿಗಳಿಗೆ ಜಾಲರಿ ಹೊಡೆದರು.