ಪಬ್ಬಿನ ಬಾಗಿಲು ತಳ್ಳುವ ಮೊದಲು: ಬ್ಲ್ಯಾಕ್ ಕಂಟ್ರಿಗೆ ಬಂದ ಹೊಸ ಕನ್ನಡಿಗರಿಗೆ

ಬ್ಲ್ಯಾಕ್ ಕಂಟ್ರಿ ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ, ಒಂದು ಕಾಲದ ಕಲ್ಲಿದ್ದಲು ಮತ್ತು ಕಬ್ಬಿಣದ ಸೀಮೆ. ಅಲ್ಲಿನ ಡಡ್ಲಿಗೆ ನಾನು ಬಂದು ಇಪ್ಪತ್ತೆರಡು ವರ್ಷವಾಯಿತು. ಮೊದಲ ಎರಡು ವರ್ಷ ಯಾವ ಪಬ್ಬಿನ ಒಳಗೂ ಕಾಲಿಡಲಿಲ್ಲ. ಶುಕ್ರವಾರ ಆಸ್ಪತ್ರೆಯ ಡ್ಯೂಟಿ ಮುಗಿದ ಮೇಲೆ ನಮ್ಮ ವಾರ್ಡಿನವರು ಕರೆಯುತ್ತಿದ್ದರು. ನಾನು ಏನೋ ಒಂದು ನೆಪ ಹೇಳಿ ಬಸ್ ಹತ್ತುತ್ತಿದ್ದೆ. ನನಗೆ ಗೊತ್ತಿದ್ದದ್ದು ಶಿವಮೊಗ್ಗದ ಬಾರ್‌ಗಳು. ಕಪ್ಪು ಗಾಜು, ಮಂದ ಬೆಳಕು, ಒಳಗೆ ಗಂಡಸರು ಮಾತ್ರ. ಅಂಥ ಕಡೆ ನಾನು ಹೋದೆ ಅಂತ ಊರಲ್ಲಿ ಗೊತ್ತಾದರೆ ಅಪ್ಪ ಏನಂದುಕೊಳ್ಳುತ್ತಾರೋ ಎನ್ನುವ ಭಯ.

ಮೂರನೇ ವರ್ಷ ನಮ್ಮ ಹಿರಿಯ ಸಿಸ್ಟರ್ ನಿವೃತ್ತರಾದರು. ಅವರ ಬೀಳ್ಕೊಡುಗೆ ಇದ್ದದ್ದೇ ಪಬ್ಬಿನಲ್ಲಿ. ಹೋಗದೆ ಇರುವ ಹಾಗಿರಲಿಲ್ಲ. ಬಾಗಿಲು ತಳ್ಳಿದರೆ ಕಂಡದ್ದು ಬೇರೆಯೇ. ಒಲೆಯ ಹತ್ತಿರ ಒಂದು ನಾಯಿ ಮಲಗಿತ್ತು. ಮೂಲೆಯಲ್ಲಿ ಒಬ್ಬರು ಅಜ್ಜಿ ಅರ್ಧ ಗ್ಲಾಸ್ ಇಟ್ಟುಕೊಂಡು ಉಲ್ಲನ್ ಹೆಣೆಯುತ್ತಿದ್ದರು. ಎರಡು ಮೇಜಿನಾಚೆ ನಾಲ್ಕು ಜನ ಡಾಮಿನೋ ಆಡುತ್ತಿದ್ದರು. ನಮ್ಮೂರ ಅರಳಿಕಟ್ಟೆಗೆ ಮಾಡು ಹಾಕಿ, ಒಲೆ ಹಚ್ಚಿಟ್ಟ ಹಾಗಿತ್ತು. ಎರಡು ವರ್ಷ ಜೊತೆಗೆ ಕೆಲಸ ಮಾಡಿದವರ ಮಕ್ಕಳ ಹೆಸರು ನನಗೆ ಗೊತ್ತಾದದ್ದು ಅವತ್ತೇ.

ಅದಕ್ಕೇ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದು. ಪಬ್ಬಿಗೆ ಹೋಗಿ. ಕುಡಿಯುವುದು ಬಿಡುವುದು ನಿಮ್ಮ ಇಷ್ಟ. ನಿಂಬೆ ಹಾಕಿದ ಸೋಡಾ ಹಿಡಿದುಕೊಂಡು ಇಡೀ ಸಂಜೆ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಹೋಗದೆ ಇದ್ದರೆ ಇಲ್ಲಿನ ಜನ ನಿಮಗೆ ಸಿಗುವುದಿಲ್ಲ. ಅವರು ಮನೆಗೆ ಕರೆಯುವುದು ಕಡಿಮೆ. ಪಬ್ಬೇ ಅವರ ಜಗಲಿ.

ಇನ್ನು ಕುಡಿಯುವವರಿಗೆ. ಬೆಂಗಳೂರಿನಲ್ಲಿ ಐಸಿನ ಹಾಗಿರುವ ಲಾಗರ್ ಬಿಯರ್ ಕುಡಿದು ಬಂದವರು ಇಲ್ಲಿನ ಏಲ್, ಅಂದರೆ ಹಳೆಯ ಬಗೆಯ ಬಿಯರ್, ಬಾಯಿಗಿಟ್ಟ ತಕ್ಷಣ "ಬೆಚ್ಚಗಿದೆ, ಗ್ಯಾಸೇ ಇಲ್ಲ" ಅನ್ನುತ್ತಾರೆ. ಬೆಚ್ಚಗಿಲ್ಲ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಮಣ್ಣಿನ ಹೂಜಿಯ ನೀರಿನ ತಂಪು ಅದು. ನಾಲಿಗೆ ಮರಗಟ್ಟದೆ ಇದ್ದರೆ ತಾನೇ ರುಚಿ ಗೊತ್ತಾಗುವುದು? ಗ್ಯಾಸಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗುಟ್ಟೆಲ್ಲ ಅಲ್ಲೇ ಇದೆ.

ಮಾಮೂಲಿ ಕೆಗ್ ಬಿಯರನ್ನು, ಅಂದರೆ ಮುಚ್ಚಿದ ಲೋಹದ ಡ್ರಮ್ಮಿನಲ್ಲಿ ಬರುವುದನ್ನು, ಫ್ಯಾಕ್ಟರಿಯಲ್ಲೇ ಸೋಸಿ, ಹೆಚ್ಚಿನವನ್ನು ಬಿಸಿ ಮಾಡಿ ಯೀಸ್ಟ್ ಸಾಯಿಸಿ, ಆಮೇಲೆ ಹೊರಗಿನಿಂದ ಗ್ಯಾಸ್ ತುಂಬುತ್ತಾರೆ. ರಿಯಲ್ ಏಲ್ ಹಾಗಲ್ಲ. ಅದು ಪೀಪಾಯಿಯೊಳಗೆ ಜೀವಂತ ಯೀಸ್ಟ್ ಜೊತೆಗೇ ಪಬ್ಬಿಗೆ ಬರುತ್ತದೆ. ಬಂದ ಮೇಲೂ ಒಳಗೆ ಹುದುಗುತ್ತಲೇ ಇರುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿರುತ್ತದಲ್ವಾ, ಅದೇ ಕೆಲಸ. ಅದರ ಸಣ್ಣ ನೊರೆ ಒಳಗೇ ಹುಟ್ಟಿದ್ದು, ಯಾರೂ ತುಂಬಿದ್ದಲ್ಲ. ಪೀಪಾಯಿಯ ಮೇಲಿನ ತೂತಿಗೆ ಸಣ್ಣ ಮರದ ಗೂಟ ಹೊಡೆದು, ಹೆಚ್ಚಿನ ಗ್ಯಾಸ್ ಬಿಟ್ಟು, ಗಷ್ಟು ಕೆಳಗೆ ಕೂರುವ ತನಕ ಕಾಯುತ್ತಾರೆ. ಒಂದು ಸಲ ನಲ್ಲಿ ಹಾಕಿದರೆ ಸುಮಾರು ಮೂರು ದಿನದಲ್ಲಿ ಖಾಲಿಯಾಗಬೇಕು. ಇಲ್ಲದಿದ್ದರೆ ಹುಳಿ. ಸಾಮಾನ್ಯ ಅಳತೆಯ ಪೀಪಾಯಿಗೆ ಫರ್ಕಿನ್ ಅನ್ನುತ್ತಾರೆ. ಅದರಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್. ಒಂದು ಪೈಂಟ್ 568 ಮಿಲಿ. ಮೂರು ದಿನದಲ್ಲಿ ಇಷ್ಟನ್ನೂ ಮುಗಿಸುವಷ್ಟು ಜನ ಬಂದರೆ ಮಾತ್ರ ಒಳ್ಳೆಯ ಏಲ್ ಸಿಗುತ್ತದೆ. ಜನ ಬರದ ಪಬ್ಬಿನಲ್ಲಿ ಹುಳಿ ಏಲ್, ಹುಳಿ ಏಲ್ ಸಿಗುವ ಪಬ್ಬಿಗೆ ಜನ ಬರುವುದಿಲ್ಲ.

ಒಂದು ಕಾಲದಲ್ಲಿ ಇದೆಲ್ಲ ಮುಗಿದೇ ಹೋಗುತ್ತಿತ್ತು. ದೊಡ್ಡ ಕಂಪನಿಗಳು ಸುಲಭ ಅಂತ ಕೆಗ್ ಕಡೆಗೆ ಹೊರಟಿದ್ದವು. 1971ರಲ್ಲಿ ನಾಲ್ಕು ಜನ ಗೆಳೆಯರು ಸೇರಿ ರಿಯಲ್ ಏಲ್ ಉಳಿಸಲು ಕಾಮ್ರಾ (CAMRA) ಎಂಬ ಚಳವಳಿ ಶುರು ಮಾಡಿದರು. ಬಳಕೆದಾರರೇ ಕಟ್ಟಿಕೊಂಡ ಸಂಘ ಅದು. 1974ರ ಅವರ ಮೊದಲ ಪಬ್ಬು ಮಾರ್ಗದರ್ಶಿ ಪುಸ್ತಕ ಬರುವ ಹೊತ್ತಿಗೆ ತಮ್ಮ ಬಿಯರನ್ನು ತಾವೇ ಮಾಡಿಕೊಳ್ಳುವ ಹಳೆಯ ಪಬ್ಬುಗಳು ಇಡೀ ದೇಶದಲ್ಲಿ ನಾಲ್ಕೇ ಉಳಿದಿದ್ದವು. ಅದರಲ್ಲಿ ಒಂದು ಇಲ್ಲೇ, ನೆದರ್ಟನ್‌ನ ಓಲ್ಡ್ ಸ್ವಾನ್. ಅದನ್ನು ನಡೆಸುತ್ತಿದ್ದ ಡೋರಿಸ್ ಪಾರ್ಡೋ ಅವರ ನೆನಪಿಗೆ ಊರಿನವರು ಇವತ್ತಿಗೂ ಅದನ್ನು ಮಾ ಪಾರ್ಡೋಸ್ ಎಂದೇ ಕರೆಯುತ್ತಾರೆ. ಒಳಗೆ ಹೋದರೆ ತಲೆಯೆತ್ತಿ ಚಾವಣಿ ನೋಡಿ. ಎನಾಮೆಲ್ ಹಲಗೆಗಳ ನಡುವೆ ಒಂದು ದೊಡ್ಡ ಹಂಸ ಇದೆ.

ಏನು ಕೇಳಬೇಕು? ಬ್ಲ್ಯಾಕ್ ಕಂಟ್ರಿಗೆ ಬಂದು ಮೈಲ್ಡ್ ಕುಡಿಯದೆ ಇರಬೇಡಿ. ಕಪ್ಪಗೆ, ಸ್ವಲ್ಪ ಸಿಹಿಯಾಗಿ, ಕಹಿ ಕಡಿಮೆ ಇರುವ ಏಲ್ ಅದು. ಕುಲುಮೆಯ ಮುಂದೆ ದಿನವಿಡೀ ಬೆವರು ಸುರಿಸಿ ಸರಪಳಿ ಬಡಿಯುತ್ತಿದ್ದವರ ಪಾನೀಯ. ಸಾಮಾನ್ಯವಾಗಿ ಶೇಕಡಾ 3ರಿಂದ 4ರಷ್ಟೇ ಆಲ್ಕೋಹಾಲ್. ಬಿಟರ್, ಅಂದರೆ ಕಹಿ ಹೆಚ್ಚಿರುವ ಏಲ್, ಬೇಕಿದ್ದರೆ ಬ್ರಿಯರ್ಲಿ ಹಿಲ್‌ನ ವೈನ್ (Vine) ಇನ್‌ಗೆ ಹೋಗಿ. ಊರಿನವರು ಅದಕ್ಕೆ ಬುಲ್ ಅಂಡ್ ಬ್ಲ್ಯಾಡರ್ ಅನ್ನುತ್ತಾರೆ. 1877ರಿಂದ ಬಿಯರ್ ಮಾಡುತ್ತಿರುವ ಬಾಥಮ್ಸ್ ಮನೆತನದ ಪಬ್ಬು ಅದು, ಬ್ರೂವರಿ ಪಕ್ಕದಲ್ಲೇ ಇದೆ. ಅವರ ಬೆಸ್ಟ್ ಬಿಟರ್ 4.3 ಪರ್ಸೆಂಟಿನದ್ದು. ಮೊದಲ ಗುಟುಕಿಗೆ ಸಿಹಿ ಅನ್ನಿಸುತ್ತದೆ, ನುಂಗಿದ ಮೇಲೆ ಕಹಿ ಬರುತ್ತದೆ. ಸೆಡ್ಜ್‌ಲಿಯ ಬೀಕನ್ ಹೋಟೆಲ್‌ನಲ್ಲಿ ಸೇರಾ ಹ್ಯೂಸ್ ಅವರ ಹೆಸರಿನ ಡಾರ್ಕ್ ರೂಬಿ ಸಿಗುತ್ತದೆ. ಅದು 6 ಪರ್ಸೆಂಟ್. ಹಾಫ್, ಅಂದರೆ ಅರ್ಧ ಪೈಂಟ್ ಸಾಕು. ಅಲ್ಲಿ ಉದ್ದನೆಯ ಕೌಂಟರ್ ಇಲ್ಲ. ನಡುವಿನ ಗೂಡಿನಂಥ ಜಾಗದ ಸಣ್ಣ ಕಿಂಡಿಗೆ ಬಗ್ಗಿ ಕೇಳಬೇಕು.

ಯಾವುದು ಬೇಕು ಅಂತ ತೋಚದಿದ್ದರೆ "ರುಚಿ ನೋಡಬಹುದಾ?" ಎಂದು ಕೇಳಿ. ಸಣ್ಣ ಗ್ಲಾಸಿನಲ್ಲಿ ಒಂದು ಗುಟುಕು ಕೊಡುತ್ತಾರೆ. ವಿನೆಗರ್ ವಾಸನೆ ಬಂದರೆ ಗ್ಲಾಸ್ ವಾಪಸ್ ಕೊಟ್ಟು ಮೆಲ್ಲಗೆ ಹೇಳಿ, ಬದಲಾಯಿಸಿ ಕೊಡುತ್ತಾರೆ. ನಾವು ಸಂಕೋಚಕ್ಕೆ ಹಾಳಾದದ್ದನ್ನೂ ಕುಡಿದು ಮುಗಿಸುತ್ತೇವೆ. ಬೇಡ.

ಈಗ ನಮ್ಮವರಿಗೆ ಯಾರೂ ಹೇಳದ ಮಾತು. ಸಸ್ಯಾಹಾರಿಗಳು ದಯವಿಟ್ಟು ಗಮನಿಸಿ. ಹಳೆಯ ಪದ್ಧತಿಯಲ್ಲಿ ಪೀಪಾಯಿಯ ಏಲ್ ತಿಳಿಯಾಗಲು ಐಸಿಂಗ್ಲಾಸ್ ಹಾಕುತ್ತಾರೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಯೀಸ್ಟನ್ನು ಎಳೆದುಕೊಂಡು ತಳಕ್ಕೆ ಕೂರುತ್ತದೆ. ಗ್ಲಾಸಿಗೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಹಾಕಿರುವುದಂತೂ ನಿಜ. ನನ್ನ ಗಂಡ ಹುಟ್ಟಾ ಸಸ್ಯಾಹಾರಿ. ಆರು ವರ್ಷ ಕುಡಿದ ಮೇಲೆ ಒಂದು ದಿನ ಇದು ಗೊತ್ತಾಯಿತು. ಅವತ್ತು ಅವರು ಮನೆಗೆ ಬಂದು ಊಟ ಮಾಡಲಿಲ್ಲ. ಮೊದಲೇ ಯಾರಾದರೂ ಹೇಳಿದ್ದರೆ ಆ ಸಂಕಟ ಇರುತ್ತಿರಲಿಲ್ಲ. ಈಗ ಐಸಿಂಗ್ಲಾಸ್ ಇಲ್ಲದ ಏಲ್ ಬೇಕಾದಷ್ಟಿವೆ. ಏಲ್ ಎಳೆಯುವ ಕೈಪಂಪಿನ ಮೇಲಿನ ಚೀಟಿಯಲ್ಲಿ ಅನ್‌ಫೈನ್ಡ್ (ತಿಳಿ ಮಾಡಲು ಏನೂ ಹಾಕದ್ದು) ಅಂತಲೋ ವೀಗನ್ ಅಂತಲೋ ಬರೆದಿರುತ್ತದೆ. ಸ್ವಲ್ಪ ಮಬ್ಬಾಗಿರಬಹುದು, ಕೆಟ್ಟಿದೆ ಅಂತಲ್ಲ. ಕೇಳುವಾಗ "ವೆಜಿಟೇರಿಯನ್ನಾ?" ಅನ್ನಬೇಡಿ, "ವೀಗನ್ನಾ?" ಅಂತಲೇ ಕೇಳಿ. ಆಗ ಅವರಿಗೆ ಸರಿಯಾಗಿ ಅರ್ಥವಾಗುತ್ತದೆ.

ತಿಂಡಿಯಲ್ಲೂ ಅಷ್ಟೇ. ಪೋರ್ಕ್ ಸ್ಕ್ರ್ಯಾಚಿಂಗ್ಸ್ ಅಂದರೆ ಹುರಿದ ಹಂದಿ ಚರ್ಮ. ಈ ಸೀಮೆಯ ಹೆಮ್ಮೆಯ ತಿಂಡಿ. ಸ್ಟೀಕ್ ಅಂಡ್ ಏಲ್ ಪೈ ಅಂದರೆ ದನದ ಮಾಂಸ. ಚಿಪ್ಸನ್ನು, ಅಂದರೆ ನಾವು ಫ್ರೆಂಚ್ ಫ್ರೈಸ್ ಅನ್ನುವುದನ್ನು, ದನದ ಕೊಬ್ಬಿನಲ್ಲಿ ಕರಿಯುವ ಕಡೆಗಳೂ ಇಲ್ಲಿ ಇವೆ, ಕೇಳಿಯೇ ತಿನ್ನಿ. ಚೀಸ್ ಮತ್ತು ಹಸಿ ಈರುಳ್ಳಿ ತುಂಬಿದ ಕಾಬ್, ಅಂದರೆ ದುಂಡನೆಯ ಬನ್ನು, ನಮ್ಮ ಪಾಲಿಗೆ ಒಳ್ಳೆಯದು. ಮೈಲ್ಡ್ ಜೊತೆಗೆ ಅದರಷ್ಟು ರುಚಿ ಬೇರೆ ಇಲ್ಲ.

ಕೌಂಟರಿನ ರೀತಿ ರಿವಾಜು ಹೆಚ್ಚೇನಿಲ್ಲ. ಮೇಜಿಗೆ ಯಾರೂ ಬರುವುದಿಲ್ಲ, ನೀವೇ ಹೋಗಿ ತರಬೇಕು, ಆಗಲೇ ದುಡ್ಡು ಕೊಡಬೇಕು. ಕ್ಯೂ ಕಾಣುವುದಿಲ್ಲ, ಆದರೆ ಯಾರು ಮೊದಲು ಬಂದರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕೈ ಆಡಿಸಿ ಕರೆಯಬೇಡಿ. ಮುಖ್ಯವಾದದ್ದು ರೌಂಡ್. ನಾಲ್ಕು ಜನ ಹೋದರೆ ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸಬೇಕು. ನೀವು ಜ್ಯೂಸ್ ಕುಡಿದರೂ ನಿಮ್ಮ ಸರದಿ ಬಂದಾಗ ಎದ್ದು ಹೋಗಿ. ಒಂದೇ ಗ್ಲಾಸಿಗೆ ನಿಲ್ಲಿಸುವುದಾದರೆ "ನನ್ನನ್ನು ರೌಂಡಿಗೆ ಸೇರಿಸಬೇಡಿ" ಎಂದು ಶುರುವಿನಲ್ಲೇ ಹೇಳಿ. ಅದು ತಪ್ಪಲ್ಲ. ಸರದಿ ತಪ್ಪಿಸಿಕೊಳ್ಳುವುದು ತಪ್ಪು.

ಕಾರು ತಂದಿದ್ದರೆ ಕುಡಿಯಲೇಬೇಡಿ. ಇಂಗ್ಲೆಂಡಿನಲ್ಲಿ ಮಿತಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ, ಸ್ಕಾಟ್ಲೆಂಡಿನಲ್ಲಿ 50. ಇಷ್ಟು ಕುಡಿದರೆ ಇಷ್ಟಾಗುತ್ತದೆ ಎನ್ನುವ ಲೆಕ್ಕ ಯಾರಿಗೂ ಸಿಗುವುದಿಲ್ಲ. ಸಿಕ್ಕಿಬಿದ್ದರೆ ಅದು ಕ್ರಿಮಿನಲ್ ಕೇಸು. ವೀಸಾ ಅರ್ಜಿಯಲ್ಲಿ ಬರೆಯಬೇಕು. ಡಾಕ್ಟರ್, ನರ್ಸ್ ಆಗಿದ್ದರೆ ನಿಮ್ಮ ಹೆಸರು ನೋಂದಾಯಿಸಿರುವ ವೃತ್ತಿ ಕೌನ್ಸಿಲ್‌ಗೂ ತಿಳಿಸಬೇಕು. ಇಲ್ಲಿನ ಆರೋಗ್ಯ ಇಲಾಖೆ ಹೇಳುವ ಮಿತಿ ವಾರಕ್ಕೆ 14 ಯೂನಿಟ್. ಒಂದು ಯೂನಿಟ್ ಅಂದರೆ 10 ಮಿಲಿ ಶುದ್ಧ ಆಲ್ಕೋಹಾಲ್. 4 ಪರ್ಸೆಂಟಿನ ಒಂದು ಪೈಂಟ್ ಅಂದರೆ 2.3 ಯೂನಿಟ್. ಅಂದರೆ ವಾರಕ್ಕೆ ಆರು ಪೈಂಟ್, ಅದೂ ಒಂದೇ ರಾತ್ರಿಯಲ್ಲಲ್ಲ.

"ನಮ್ಮನ್ನು ಒಳಗೆ ಹೇಗೆ ನೋಡುತ್ತಾರೋ?" ಅಂತ ಹೊಸಬರು ಕೇಳುತ್ತಾರೆ. ಈ ಪ್ರಶ್ನೆಗೆ ಇಲ್ಲಿ ಒಂದು ಚರಿತ್ರೆಯೇ ಇದೆ. 1960ರ ದಶಕದಲ್ಲಿ ಸ್ಮೆದಿಕ್‌ನ ಬ್ಲೂ ಗೇಟ್ಸ್ ಪಬ್ಬಿನ ಒಂದು ಕೋಣೆಯಲ್ಲಿ ಬಿಳಿಯರಲ್ಲದವರಿಗೆ ಕೊಡುತ್ತಿರಲಿಲ್ಲ. 1965ರ ಫೆಬ್ರವರಿ 12ರಂದು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಕರೆದದ್ದಕ್ಕೆ ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಇಲ್ಲಿಗೆ ಬಂದು ಅದೇ ಪಬ್ಬಿನ ಒಳಗೆ ಹೋದರು. ಒಂಬತ್ತು ದಿನಕ್ಕೆ ಅವರ ಕೊಲೆಯಾಯಿತು. ಪಬ್ಬಿನಂಥ ಜಾಗಗಳಲ್ಲಿ ಜನಾಂಗ ನೋಡಿ ಭೇದ ಮಾಡಬಾರದು ಎನ್ನುವ ಕಾನೂನು ಬಂದದ್ದು ಅದೇ ವರ್ಷ. ಫೌಂಡ್ರಿಗಳಲ್ಲಿ ದುಡಿಯಲು ಬಂದ ಪಂಜಾಬಿಗಳು ಆಮೇಲೆ ಒಂದೊಂದಾಗಿ ಪಬ್ಬುಗಳನ್ನೇ ವಹಿಸಿಕೊಂಡರು. ಅವೇ ಈಗಿನ ದೇಸಿ ಪಬ್ಬುಗಳು. ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆ ಹೋದರೆ ಒಂದೇ ಮೇಜಿನಲ್ಲಿ ಸರ್ದಾರ್ಜಿಯೂ ಬಿಳಿಯಜ್ಜನೂ ಕೂತು, ಮಿಕ್ಸ್ಡ್ ಗ್ರಿಲ್ (ಬಗೆಬಗೆಯ ಸುಟ್ಟ ಮಾಂಸ) ತಿನ್ನುತ್ತಾ ಫುಟ್‌ಬಾಲ್ ನೋಡುವುದು ಕಾಣುತ್ತದೆ. ಮೊದಲ ಸಲ ಹೆದರಿಕೆ ಆಗುವವರು ಅಲ್ಲಿಂದಲೇ ಶುರು ಮಾಡಿ. ನನಗಂತೂ ಈ ಇಪ್ಪತ್ತು ವರ್ಷದಲ್ಲಿ ಕೆಟ್ಟ ಮಾತು ಕೇಳಿಸಿದ್ದು ಒಂದೇ ಸಲ. ಅವತ್ತು ಆ ಮನುಷ್ಯನನ್ನು ಹೊರಗೆ ಕಳಿಸಿದ್ದು ಪಬ್ಬಿನ ಒಡತಿಯೇ.

ಬಿಯರ್ ಹಬ್ಬಗಳಿಗೂ ಹೋಗಿ. 2025ರ ಆಗಸ್ಟ್‌ನಲ್ಲಿ ಕಾಮ್ರಾದ ದೊಡ್ಡ ಹಬ್ಬ ನಮ್ಮ ಪಕ್ಕದ ಬರ್ಮಿಂಗ್‌ಹ್ಯಾಮ್‌ಗೇ ಬಂದಿತ್ತು. ಕೇಂಬ್ರಿಜ್‌ನಲ್ಲಿ ಮೇ ತಿಂಗಳಲ್ಲಿ ಜೀಸಸ್ ಗ್ರೀನ್ ಮೈದಾನದಲ್ಲಿ ನಡೆಯುವುದು ತುಂಬಾ ಚೆನ್ನ. ಆದರೆ ನನಗೆ ಇಷ್ಟವಾದದ್ದು ಚರ್ಚ್ ಹಾಲ್, ಕ್ರಿಕೆಟ್ ಕ್ಲಬ್ಬುಗಳಲ್ಲಿ ಆಗುವ ಸಣ್ಣ ಹಬ್ಬಗಳು. ಬಾಗಿಲಲ್ಲಿ ದುಡ್ಡು ಕೊಟ್ಟು ಒಂದು ಗ್ಲಾಸ್ ತೆಗೆದುಕೊಳ್ಳುತ್ತೀರಿ. ಅದರ ಮೇಲೆ ಮೂರನೇ ಒಂದು ಪೈಂಟಿಗೆ, ಅರ್ಧಕ್ಕೆ ಗೆರೆ ಇರುತ್ತದೆ. ಮೂರನೇ ಒಂದರ ಗೆರೆ ದಾಟಬೇಡಿ, ಆಗ ನಾಲ್ಕಾರು ಊರಿನ ರುಚಿ ನೋಡಬಹುದು. ಊಟ ಮಾಡಿಕೊಂಡು ಹೋಗಿ. ಕೊನೆಯ ದಿನ ಹೋಗಬೇಡಿ, ಒಳ್ಳೆಯವೆಲ್ಲ ಮುಗಿದಿರುತ್ತವೆ. ಸುರಿದು ಕೊಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಕೇಳಿದರೆ ಒಂದೊಂದು ಪೀಪಾಯಿಯ ಕಥೆಯನ್ನೂ ಹೇಳುತ್ತಾರೆ.

ಇಲ್ಲಿನವರಿಗೆ ಪಬ್ಬು ಅಂದರೆ ಏನು ಅಂತ ನನಗೆ ಪೂರ್ತಿ ಅರ್ಥವಾದದ್ದು 2023ರ ಆಗಸ್ಟ್‌ನಲ್ಲಿ. ಹಿಮ್ಲಿಯ ಕ್ರೂಕೆಡ್ ಹೌಸ್ ಅಂದರೆ ಗಣಿಯಿಂದಾಗಿ ನೆಲ ಕುಸಿದು ಒಂದು ಕಡೆಗೆ ವಾಲಿದ್ದ ಹಳೆಯ ಪಬ್ಬು. ಅಲ್ಲಿ ಗೋಲಿ ಇಟ್ಟರೆ ಮೇಲಕ್ಕೆ ಉರುಳಿದ ಹಾಗೆ ಕಾಣುತ್ತಿತ್ತು. ಅದಕ್ಕೆ ಬೆಂಕಿ ಬಿತ್ತು. ಎರಡೇ ದಿನದಲ್ಲಿ ಉಳಿದ ಗೋಡೆಯನ್ನೂ ಕೆಡವಿದರು. ನಮ್ಮ ವಾರ್ಡಿನಲ್ಲಿ ಎಂಬತ್ತು ದಾಟಿದ ಒಬ್ಬರು ಸುದ್ದಿ ನೋಡಿ ಅತ್ತುಬಿಟ್ಟರು. ಅವರು ಮದುವೆಗೆ ಮುಂಚೆ ಹೆಂಡತಿಯನ್ನು ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗಂತೆ. ಜನ ಸುಮ್ಮನಿರಲಿಲ್ಲ. ಮರುವರ್ಷ ಅಲ್ಲಿನ ಸ್ಥಳೀಯ ಆಡಳಿತದ ಕೌನ್ಸಿಲ್, ಮೊದಲು ಹೇಗಿತ್ತೋ ಹಾಗೆಯೇ ಮತ್ತೆ ಕಟ್ಟಬೇಕು ಎಂದು ಆದೇಶ ಕೊಟ್ಟಿತು.

ಮೊದಲ ಸಲ ಹೋಗುವವರು ವಾರದ ನಡುವೆ, ಸಂಜೆ ಐದರ ಹೊತ್ತಿಗೆ ಹೋಗಿ. ಗದ್ದಲ ಇರುವುದಿಲ್ಲ. ಒಂದು ಹಾಫ್ ಮೈಲ್ಡ್, ಒಂದು ಚೀಸ್ ಕಾಬ್ ಕೇಳಿ. ಹೊರಡುವಾಗ ಖಾಲಿ ಗ್ಲಾಸನ್ನು ಕೌಂಟರ್ ಮೇಲೆ ತಂದಿಡಿ. ಆಗ ಒಳಗಿನವರು "ಟರಾ-ಎ-ಬಿಟ್" ಅನ್ನುತ್ತಾರೆ. ಸದ್ಯಕ್ಕೆ ಹೋಗಿ ಬಾ, ಮತ್ತೆ ಸಿಗೋಣ ಅಂತ ಅರ್ಥ. ನಮ್ಮಲ್ಲಿ ಹೊರಡುವಾಗ "ಹೋಗ್ತೀನಿ" ಅನ್ನದೆ "ಹೋಗ್ಬರ್ತೀನಿ" ಅನ್ನುತ್ತೇವಲ್ಲ, ಹಾಗೆ.